ಎಚ್.ಪಿ. ಹೇಳಿದರು, ಡೀಸೆಲ್ ಹೇಳಲಿಲ್ಲ



ನಿಮ್ಮ ಇಂಜಿನ್ ಎಷ್ಟು ಎಚ್.ಪಿ. ಎಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತೀರಿ. ಐದು, ಎಂಟು, ಹತ್ತು. ಟ್ರ್ಯಾಕ್ಟರ್ ಇಟ್ಟವರಂತೂ ಮೀಸೆ ಮೇಲೆ ಕೈಯಿಟ್ಟು ‘ನಮ್ಮದು ನಲವತ್ತೈದು’ ಅನ್ನುತ್ತಾರೆ. ಅದೇ ಇಂಜಿನ್ ಗಂಟೆಗೆ ಎಷ್ಟು ಡೀಸೆಲ್ ಕುಡಿಯುತ್ತದೆ ಎಂದು ಕೇಳಿ ನೋಡಿ. ‘ಒಂದು ಲೀಟರ್, ಒಂದೂಕಾಲು ಲೀಟರ್ ಹಿಡೀಬಹುದು ಕಣಣ್ಣ’ ಎಂಬ ಅಂದಾಜಿನ ಉತ್ತರ. ಆ ಡೀಸೆಲ್‌ನಲ್ಲಿ ನೂರಕ್ಕೆ ಎಷ್ಟು ಪಾಲು ನೀರೆತ್ತಿತು, ಎಷ್ಟು ಪಾಲು ಹೊಗೆಯಾಯಿತು ಎಂದು ಕೇಳಿದರೆ ಎಲ್ಲರೂ ಆಕಾಶ ನೋಡುತ್ತೇವೆ. ನಾನೂ ಏಳು ವರ್ಷ ಹಾಗೇ ಆಕಾಶ ನೋಡಿದವನು. ಅದರ ಬೆಲೆ ಎಷ್ಟಾಯಿತು ಎಂದು ಹೇಳಲಿಕ್ಕೇ ಈ ಲೇಖನ.

ನನ್ನ ಜಮೀನು ತುಂಗಭದ್ರಾ ದಂಡೆಯಲ್ಲಿದೆ. ಕರ್ನಾಟಕದಲ್ಲಿ ಹತ್ತು ಎಚ್.ಪಿ. ತನಕದ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ ಎಂಬುದು ನಿಜ. ಆದರೆ ಹೊಳೆ ದಂಡೆಯ ನನ್ನ ತುಂಡಿಗೆ ಕಂಬವೇ ಬರಲಿಲ್ಲ. 2016ರಲ್ಲಿ ಸಾಲ ಮಾಡಿ ಡೀಸೆಲ್ ಇಂಜಿನ್ ತರಲು ಹೋದೆ. ಅಂಗಡಿಯವನು ಹೇಳಿದ: ‘ಹತ್ತು ಎಚ್.ಪಿ. ತಗೊಳ್ಳಿ ಗೌಡ್ರೆ, ಐದು ಎಚ್.ಪಿ. ನಿಮ್ಮ ಹೊಲಕ್ಕೆ ಆಟದ ಸಾಮಾನು.’ ಎಷ್ಟು ಎತ್ತರಕ್ಕೆ, ಎಷ್ಟು ನೀರು ಬೇಕು ಎಂದು ಆತ ಕೇಳಲಿಲ್ಲ. ಬ್ಯಾಂಕಿನವರು ಪಹಣಿ ಕೇಳಿದರು, ಜಾಮೀನು ಕೇಳಿದರು. ಈ ಇಂಜಿನ್ ದಿನಕ್ಕೆ ಎಷ್ಟು ಎಣ್ಣೆ ಕುಡಿಯುತ್ತದೆ, ಅದನ್ನು ಕೊಟ್ಟ ಮೇಲೆ ಕಂತು ಕಟ್ಟಲು ಇವನ ಕೈಲಿ ಏನು ಉಳಿಯುತ್ತದೆ ಎಂದು ಅವರೂ ಕೇಳಲಿಲ್ಲ. ಪಹಣಿಯಲ್ಲಿ ಬೋಜಾ ಕೂತಿತು. ಹೊಳೆ ದಂಡೆಯಲ್ಲಿ ಇಂಜಿನ್ ಕೂತಿತು.

ಎಸ್ಸೆಲ್ಸಿ ಲೆಕ್ಕ ಸಾಕು

2023ರ ಬೇಸಿಗೆಯಲ್ಲಿ ಐ.ಟಿ.ಐ. ಓದುತ್ತಿದ್ದ ಮಗ ರಜೆಗೆ ಬಂದಿದ್ದ. ‘ಅಪ್ಪಾ, ಒಂದು ಸಲ ಅಳೆದು ನೋಡೋಣ’ ಅಂದ. ಅದಕ್ಕೆ ಬೇಕಾದದ್ದು ಇನ್ನೂರು ಲೀಟರಿನ ಒಂದು ಡ್ರಮ್ಮು, ಒಂದು ಗಡಿಯಾರ, ಒಂದು ಹಗ್ಗ, ಒಂದು ಅಳತೆ ಪಾತ್ರೆ. ನೀವೂ ಮಾಡಬಹುದು, ಕೇಳಿ.

ಒಂದು ಎಚ್.ಪಿ. ಅಂದರೆ ಒಂದು ಸೆಕೆಂಡಿನಲ್ಲಿ 75 ಕೆ.ಜಿ. ಭಾರವನ್ನು ಒಂದು ಮೀಟರ್ ಮೇಲೆತ್ತುವ ಶಕ್ತಿ. ಒಂದು ಲೀಟರ್ ನೀರಿನ ತೂಕ ಒಂದು ಕೆ.ಜಿ. ಆದ್ದರಿಂದ ಸೆಕೆಂಡಿಗೆ ಬರುವ ಲೀಟರನ್ನು ಎತ್ತರದ ಮೀಟರಿನಿಂದ ಗುಣಿಸಿ 75ರಿಂದ ಭಾಗಿಸಿದರೆ ನೀರಿಗೆ ನಿಜವಾಗಿ ಸೇರಿದ ಎಚ್.ಪಿ. ಸಿಗುತ್ತದೆ. ನಮ್ಮ ಡ್ರಮ್ಮು 20 ಸೆಕೆಂಡಿಗೆ ತುಂಬಿತು, ಅಂದರೆ ಸೆಕೆಂಡಿಗೆ 10 ಲೀಟರ್. ಹೊಳೆಯ ನೀರಿನಿಂದ ಪೈಪಿನ ಬಾಯಿಯ ತನಕ ನೇರ ಎತ್ತರ 14 ಮೀಟರ್. ಹತ್ತು ಗುಣಿಲೆ ಹದಿನಾಲ್ಕು 140, ಭಾಗಿಸು 75. ಬಂದದ್ದು 1.87 ಎಚ್.ಪಿ. ಹತ್ತು ಎಚ್.ಪಿ.ಗೆ ಸಾಲ ಮಾಡಿದವನ ಹೊಲಕ್ಕೆ ಬಂದದ್ದು ಎರಡು ಎಚ್.ಪಿ.ಯೂ ಅಲ್ಲ!

ಇನ್ನು ಎಣ್ಣೆ. ಟ್ಯಾಂಕಿನಲ್ಲಿ ಒಂದು ಗುರುತು ಹಾಕಿ ಅಲ್ಲಿಯ ತನಕ ತುಂಬಿದೆವು. ಸರಿಯಾಗಿ ಒಂದು ಗಂಟೆ ಓಡಿಸಿ ನಿಲ್ಲಿಸಿದೆವು. ಮತ್ತೆ ಅದೇ ಗುರುತಿಗೆ ಬರಲು ಅಳತೆ ಪಾತ್ರೆಯಿಂದ 1.2 ಲೀಟರ್ ಸುರಿಯಬೇಕಾಯಿತು. ಒಂದು ಲೀಟರ್ ಡೀಸೆಲ್‌ನಲ್ಲಿ ಅಡಗಿರುವ ಶಕ್ತಿ ಸುಮಾರು 10 ಯೂನಿಟ್ ಕರೆಂಟಿಗೆ ಸಮ, ಅಂದರೆ ಒಂದು ಗಂಟೆ ಹೊತ್ತಿನ ಹದಿಮೂರೂವರೆ ಎಚ್.ಪಿ. ನಾವು ಸುಟ್ಟ 1.2 ಲೀಟರಿನಲ್ಲಿ ಇದ್ದದ್ದು 16.2 ಎಚ್.ಪಿ.; ನೀರಿಗೆ ಸೇರಿದ್ದು 1.87. ನೂರಕ್ಕೆ ಹನ್ನೊಂದೂವರೆ. ನೂರು ರೂಪಾಯಿ ಎಣ್ಣೆ ಹಾಕಿದರೆ ಹನ್ನೊಂದೂವರೆ ರೂಪಾಯಿ ಪೈರಿಗೆ, ಉಳಿದ ಎಂಬತ್ತೆಂಟೂವರೆ ರೂಪಾಯಿ ಗಾಳಿಗೆ.

ಪೂರ್ತಿ ನೂರೂ ಸಿಗಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಬಿಸಿಯಿಂದ ನಡೆಯುವ ಯಾವ ಇಂಜಿನ್ನೂ ಬಿಸಿಯನ್ನೆಲ್ಲ ಕೆಲಸವಾಗಿ ಮಾಡಲಾರದು, ಅದು ಪ್ರಕೃತಿಯ ನಿಯಮ. ಒಳ್ಳೆಯ ಡೀಸೆಲ್ ಇಂಜಿನ್ನಿನಲ್ಲೂ ಗಾಲಿಗೆ ಬರುವುದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. ಇನ್ನೊಂದು ಪಾಲು ಹೊಗೆ ಕೊಳವೆಯಲ್ಲಿ ಹೋಗುತ್ತದೆ, ಉಳಿದದ್ದು ತಂಪು ಮಾಡುವ ನೀರಿಗೆ ಮತ್ತು ತಿಕ್ಕಾಟಕ್ಕೆ. ಗಾಲಿಗೆ ಬಂದದ್ದರಲ್ಲೂ ಪಟ್ಟಾ, ಪಂಪು, ಪೈಪು ತಮ್ಮ ಪಾಲು ತಿನ್ನುತ್ತವೆ. ಇವೆಲ್ಲ ಸರಿಯಿದ್ದರೂ ನನಗೆ ನೂರಕ್ಕೆ ಹದಿನಾರು ಸಿಗಬೇಕಿತ್ತು. ಹನ್ನೊಂದೂವರೆ ಯಾಕೆ?

ಖಾಲಿ ಗಾಡಿಯ ಎತ್ತೂ ಮೇಯುತ್ತದೆ

ಮಗ ಪಟ್ಟಾ ಬಿಚ್ಚಿಸಿದ. ಪಂಪಿಲ್ಲ, ನೀರಿಲ್ಲ, ಇಂಜಿನ್ ತನ್ನಷ್ಟಕ್ಕೆ ತಾನು ಒಂದು ಗಂಟೆ ಓಡಿತು. ಅಳೆದರೆ 600 ಮಿ.ಲೀ. ಅಂದರೆ ನಾನು ದಿನಾ ಸುಟ್ಟದ್ದರಲ್ಲಿ ಅರ್ಧ ಡೀಸೆಲ್ ಆ ದೊಡ್ಡ ಇಂಜಿನ್ ತನ್ನನ್ನು ತಾನೇ ತಿರುಗಿಸಿಕೊಳ್ಳಲು ಹೋಗುತ್ತಿತ್ತು! ಪಿಸ್ಟನ್, ಬೇರಿಂಗ್, ವಾಲ್ವುಗಳ ತಿಕ್ಕಾಟ ಹೊರೆ ಇರಲಿ ಬಿಡಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಖಾಲಿ ಗಾಡಿ ಎಳೆದ ಎತ್ತಿಗೂ ಸಂಜೆ ಮೇವು ಹಾಕಲೇಬೇಕಲ್ಲ, ಹಾಗೆ. ಪಂಪಿನ, ಪೈಪಿನ, ಪಟ್ಟಾದ ನಷ್ಟವನ್ನೆಲ್ಲ ಸೇರಿಸಿದರೂ ನನ್ನ ಕೆಲಸಕ್ಕೆ ಇಂಜಿನ್ನಿನಿಂದ ಬೇಕಾದದ್ದು ಸುಮಾರು ಮೂರೂಮುಕ್ಕಾಲು ಎಚ್.ಪಿ. ಒಂದು ಜೊತೆ ಎತ್ತಿನ ಕೆಲಸಕ್ಕೆ ಮೂರು ಜೊತೆ ಕಟ್ಟಿ ಮೇಯಿಸುತ್ತಿದ್ದೆ.

ಹತ್ತನ್ನು ಮಾರಿ ಐದು ಎಚ್.ಪಿ. ತಂದೆ. ಅದೇ ಪಂಪು, ಅದೇ ನೀರು, ಅದೇ ಎತ್ತರ. ಈಗ ಗಂಟೆಗೆ 850 ಮಿ.ಲೀ. ಉಳಿದದ್ದು 350 ಮಿ.ಲೀ. ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಗಂಟೆಗೆ ಮೂವತ್ತೊಂದೂವರೆ ರೂಪಾಯಿ. ವರ್ಷಕ್ಕೆ 400 ಗಂಟೆ ಓಡಿಸುತ್ತೇನೆ, 12,600 ರೂಪಾಯಿ. ಇದನ್ನು ಏಳು ವರ್ಷಕ್ಕೆ ಗುಣಿಸಿ. 88,200 ರೂಪಾಯಿ! ನಾನು ಕಂತು ತಪ್ಪಿದ ವರ್ಷ ಬ್ಯಾಂಕಿನವರು ಬಾಗಿಲಿಗೆ ಬಂದು ‘ಗೌಡ್ರೆ, ಕಟ್ಟುವ ಮನಸ್ಸಿಲ್ಲವೇ?’ ಎಂದು ಊರವರೆದುರು ಕೇಳಿದ್ದರು. ಮನಸ್ಸಿತ್ತು ಸ್ವಾಮಿ. ದುಡ್ಡು ಹೊಗೆ ಕೊಳವೆಯಲ್ಲಿ ಹೋಗಿತ್ತು.

ಈ ಲೆಕ್ಕ ಹೊಸದೇನೂ ಅಲ್ಲ. 1897ರ ಫೆಬ್ರುವರಿಯಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲ್ ತನ್ನ ಇಂಜಿನ್ನನ್ನು ಲೋಕಕ್ಕೆ ತೋರಿಸುವಾಗ ಬರೀ ಕುದುರೆ ಲೆಕ್ಕ ಹೇಳಿ ಮುಗಿಸಲಿಲ್ಲ. ಶ್ರೋಟರ್ ಎಂಬ ಪ್ರೊಫೆಸರರಿಂದ ಪರೀಕ್ಷೆ ಮಾಡಿಸಿದ. ಎಣ್ಣೆಯ ಶಕ್ತಿಯಲ್ಲಿ ನೂರಕ್ಕೆ 26.2 ಪಾಲು ಕೆಲಸವಾಯಿತು ಎಂದು ಆ ಪ್ರೊಫೆಸರರು ಅಳೆದು ಹೇಳಿದರು. ಆಗಿನ ಉಗಿ ಯಂತ್ರಗಳನ್ನು ಆ ಇಂಜಿನ್ ಸೋಲಿಸಿದ್ದು ಈ ಅಂಕಿಯಿಂದ. ಕಂಡುಹಿಡಿದವನೇ ಹೊರಗಿನವರಿಂದ ಅಳೆಸಿ ತೋರಿಸಿದ ಅಂಕಿಯನ್ನು ಇವತ್ತು ಅಂಗಡಿಯವನು ರೈತನಿಗೆ ಯಾಕೆ ತೋರಿಸುವುದಿಲ್ಲ?

ಅಳತೆ ಇಲ್ಲವೆಂದಲ್ಲ. ಪರೀಕ್ಷಾ ಶಾಲೆಯಲ್ಲಿ ಇಂಜಿನ್ನಿಗೆ ಬ್ರೇಕು ಹಾಕಿ ಅಳೆಯುತ್ತಾರೆ. 20 ಸೆಂಟಿಮೀಟರ್ ತ್ರಿಜ್ಯದ ಗಾಲಿಯ ಅಂಚಿನಲ್ಲಿ 12 ಕೆ.ಜಿ. ಎಳೆತವನ್ನು ತಡೆದುಕೊಂಡು ನಿಮಿಷಕ್ಕೆ 1500 ಸುತ್ತು ತಿರುಗಿದರೆ ಅದು ಐದು ಎಚ್.ಪಿ. ಜೊತೆಗೆ ಡೀಸೆಲ್ ತೂಗಿ, ಒಂದು ಎಚ್.ಪಿ.ಗೆ ಗಂಟೆಗೆ ಎಷ್ಟು ಗ್ರಾಂ ಎಂದು ಬರೆಯುತ್ತಾರೆ. ಈ ‘ಗ್ರಾಂ’ ಅಂಕಿಯೇ ಇಂಜಿನ್ನಿನ ಜಾತಕ. ನನ್ನ ಮೂರೂಮುಕ್ಕಾಲು ಎಚ್.ಪಿ. ಕೆಲಸಕ್ಕೆ ದೊಡ್ಡ ಇಂಜಿನ್ ಸುಮಾರು 270 ಗ್ರಾಂ ತಿಂದಿತು, ಸಣ್ಣದು ಸುಮಾರು 190. ಟ್ರ್ಯಾಕ್ಟರುಗಳ ಇಂಥ ಪರೀಕ್ಷೆ ಮಧ್ಯಪ್ರದೇಶದ ಬುದ್ನಿಯ ಕೇಂದ್ರ ಸಂಸ್ಥೆಯಲ್ಲಿ ನಡೆಯುತ್ತದೆ. ಕೃಷಿ ಯಂತ್ರಗಳ ಪರೀಕ್ಷೆಗೆ ನಮ್ಮ ಗಡಿಯ ಆಚೆ ಅನಂತಪುರದ ಗಾರ್ಲದಿನ್ನೆಯಲ್ಲೂ ಕೇಂದ್ರದ ಸಂಸ್ಥೆಯಿದೆ. ಟ್ರ್ಯಾಕ್ಟರಿನ ವರದಿಯಲ್ಲಿ ಇಂಜಿನ್ನಿನ ಎಚ್.ಪಿ. ಬೇರೆ, ಹಿಂದಿನ ಪಿ.ಟಿ.ಓ. ದಂಡಕ್ಕೆ ಬರುವ ಎಚ್.ಪಿ. ಬೇರೆ, ನೇಗಿಲು ಎಳೆಯುವ ಕೊಕ್ಕೆಗೆ ಸಿಗುವ ಎಚ್.ಪಿ. ಬೇರೆ. ಕೊಕ್ಕೆಗೆ ಬರುವ ಹೊತ್ತಿಗೆ ಅದು ಎಷ್ಟೋ ಕರಗಿರುತ್ತದೆ. ಬಾನೆಟ್ಟಿನ ಮೇಲೆ ಬಣ್ಣದಲ್ಲಿ ಬರೆಯುವುದು ಮಾತ್ರ ಎಲ್ಲಕ್ಕಿಂತ ದೊಡ್ಡ ಅಂಕಿಯನ್ನು. ಸಾಲ ಮಾಡುವ ಮುಂಚೆ ಈ ವರದಿಯನ್ನು ನಮ್ಮಲ್ಲಿ ಎಷ್ಟು ಜನ ಕಣ್ಣಿಂದ ನೋಡಿದ್ದೇವೆ?

ತಪ್ಪು ಯಾರದು?

ಕೆಲವು ಗೆಳೆಯರು ನನ್ನ ಮೇಲೆ ಸಿಟ್ಟಾದರು. ‘ಬೆಲೆ ಕೊಡದ ಸರ್ಕಾರವನ್ನು ಬಿಟ್ಟು ರೈತನ ಇಂಜಿನ್ ತಪ್ಪು ಅಂತೀಯಲ್ಲ, ನೀನು ಯಾರ ಕಡೆ?’ ಅಂದರು. ನಾನು ರೈತನ ಕಡೆಯೇ. ಸರ್ಕಾರವನ್ನು ನಾನು ಬಿಟ್ಟಿಲ್ಲ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ನಿಯಂತ್ರಣ ಬಿಟ್ಟವರು ಕೇಂದ್ರದವರು. 2021ರ ಫೆಬ್ರುವರಿಯಲ್ಲಿ ಲೀಟರ್ ಡೀಸೆಲ್ ಮೇಲೆ 4 ರೂಪಾಯಿ ‘ಕೃಷಿ ಮೂಲಸೌಕರ್ಯ’ ಸೆಸ್ ಹಾಕಿದರು. ಬೇರೆ ಸುಂಕ ಇಳಿಸಿದ್ದೇವೆ, ನಿಮಗೆ ಹೊರೆಯಿಲ್ಲ ಎಂದರು. ಹೊರೆಯ ಹೆಸರು ಬದಲಾಯಿತೇ ಹೊರತು ಹೊರೆ ಇಳಿಯಲಿಲ್ಲ. ರಾಜ್ಯದವರೇನು ಕಡಿಮೆಯೇ? 2024ರ ಜೂನ್‌ನಲ್ಲಿ ಡೀಸೆಲ್ ಮಾರಾಟ ತೆರಿಗೆಯನ್ನು ನೂರಕ್ಕೆ 18.4ಕ್ಕೆ ಏರಿಸಿದರು, 2025ರ ಏಪ್ರಿಲ್‌ನಲ್ಲಿ 21.17ಕ್ಕೆ. ಹೊಳೆ ದಂಡೆಯಲ್ಲಿ ಕೂತಲ್ಲೇ ಕೂತು ನೀರೆತ್ತುವ ನನ್ನ ಇಂಜಿನ್ ಯಾವ ಹೆದ್ದಾರಿ ಸವೆಸಿತು ಎಂದು ಲಾರಿಯ ತೆರಿಗೆಯನ್ನೇ ಅದಕ್ಕೂ ಹಾಕುತ್ತಾರೆ?

ನೆರವೆಂದು ಕೊಟ್ಟದ್ದನ್ನೂ ನೋಡಿ. 2022–23ರಲ್ಲಿ ರೈತ ಶಕ್ತಿ ಯೋಜನೆ ಎಂದು ಎಕರೆಗೆ 250 ರೂಪಾಯಿ, ಹೆಚ್ಚೆಂದರೆ ಐದು ಎಕರೆಗೆ 1,250 ರೂಪಾಯಿ ಡೀಸೆಲ್ ಸಹಾಯಧನ ಘೋಷಿಸಿದರು. ಎಕರೆಗೆ 250 ಅಂದರೆ 90ರ ದರದಲ್ಲಿ ಮೂರು ಲೀಟರೂ ಬರುವುದಿಲ್ಲ. ನನ್ನ ಹಳೆಯ ಇಂಜಿನ್ನಿಗೆ ಎರಡೂಕಾಲು ಗಂಟೆಯ ಮೇವು!

ಇವೆಲ್ಲ ಅನ್ಯಾಯವೇ. ಆದರೆ ಅನ್ಯಾಯವನ್ನು ಪ್ರಶ್ನಿಸಲು ನಮ್ಮ ಕೈಯಲ್ಲಿ ಲೆಕ್ಕ ಇರಬೇಕು. 1965ರಲ್ಲಿ ಕೃಷಿ ಬೆಲೆ ಆಯೋಗವಾಗಿ ಹುಟ್ಟಿ, 1985ರಲ್ಲಿ ಕೃಷಿ ವೆಚ್ಚ ಮತ್ತು ಬೆಲೆ ಆಯೋಗವೆಂದು ಹೆಸರು ಬದಲಿಸಿಕೊಂಡ ಸಂಸ್ಥೆ ನಮ್ಮ ಖರ್ಚನ್ನು ಕಾಗದದ ಮೇಲೆ ಕೂಡಿಸುತ್ತದೆ. ನೀರಾವರಿ ಖರ್ಚು ಇಷ್ಟು, ಯಂತ್ರದ ಖರ್ಚು ಇಷ್ಟು ಎಂದು ಬರೆಯುತ್ತದೆ. ‘ಇಷ್ಟಲ್ಲ ಸ್ವಾಮಿ, ಇದಕ್ಕಿಂತ ಹೆಚ್ಚು’ ಎಂದು ನಾವು ಹೇಳಿದರೆ ‘ಎಷ್ಟು?’ ಎಂದು ಕೇಳುತ್ತಾರೆ. ಆಗ ‘ಒಂದು ಲೀಟರ್, ಒಂದೂಕಾಲು ಲೀಟರ್ ಹಿಡೀಬಹುದು’ ಎಂದರೆ ನಗುತ್ತಾರೆ. ಗಂಟೆಗೆ ಇಷ್ಟು ಮಿ.ಲೀ., ಎಕರೆಗೆ ಇಷ್ಟು ಗಂಟೆ ಎಂದು ಐನೂರು ಹೊಲಗಳ ಪುಸ್ತಕ ಮುಂದಿಟ್ಟರೆ ನಗುವುದು ನಿಲ್ಲುತ್ತದೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಇಂಜಿನ್ ಮಾರುವವನು ಪೂರ್ತಿ ಹೊರೆಯಲ್ಲಿ ಎಷ್ಟು, ಅರ್ಧ ಹೊರೆಯಲ್ಲಿ ಎಷ್ಟು ಡೀಸೆಲ್ ಎಂದು ಬಿಲ್ಲಿನ ಮೇಲೆ ಬರೆದು ಸಹಿ ಹಾಕಬೇಕು. ಬರೆಯದವನ ಅಂಗಡಿಯ ಮೆಟ್ಟಿಲಿಳಿದು ಬನ್ನಿ. ಸಾಲ ಕೊಡುವ ಬ್ಯಾಂಕು, ಸೊಸೈಟಿ ಕಂತಿನ ಪಕ್ಕದಲ್ಲೇ ವರ್ಷದ ಎಣ್ಣೆಯ ಖರ್ಚನ್ನೂ ಬರೆದುಕೊಡಬೇಕು. ಪರೀಕ್ಷಾ ವರದಿಗಳು ಕನ್ನಡದಲ್ಲಿ ಪ್ರತಿ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಇರಬೇಕು. ಹೊಲಕ್ಕೆ ಬಂದು ಇಂಜಿನ್ ಅಳೆದುಕೊಡುವ ಕೆಲಸವನ್ನು ಕೃಷಿ ಇಲಾಖೆ ಮಾಡಬೇಕು. ನೀರೆತ್ತುವ ಡೀಸೆಲ್‌ಗೆ ರಸ್ತೆಯ ತೆರಿಗೆ ಬೇಡ.

ಇನ್ನು ನಮ್ಮ ಪಾಲಿನ ಕೆಲಸ. ಕಪ್ಪು ಹೊಗೆ ಬಂದರೆ ‘ಇಂಜಿನ್ ಜೋರಾಗಿದೆ’ ಎಂದು ಹಿಗ್ಗಬೇಡಿ. ಅದು ಸರಿಯಾಗಿ ಉರಿಯದ ನಿಮ್ಮ ದುಡ್ಡು. ಏರ್ ಫಿಲ್ಟರ್ ತೊಳೆಯಿರಿ, ನಾಜಲ್ ತೋರಿಸಿ, ಪಟ್ಟಾ ಜಾರುತ್ತಿದ್ದರೆ ಬಿಗಿ ಮಾಡಿ, ಸೋರುವ ಫುಟ್‌ವಾಲ್ವು ಬದಲಿಸಿ. ಹೆಚ್ಚು ಎಣ್ಣೆ ಬಿಡಲು ಪಂಪಿನ ಸ್ಕ್ರೂ ತಿರುಗಿಸುವ ಮೆಕ್ಯಾನಿಕ್ಕನ್ನು ದೂರ ಇಡಿ. ಪಕ್ಕದವನ ಹತ್ತು ಎಚ್.ಪಿ. ನೋಡಿ ಹನ್ನೆರಡು ತರುವ ಹುಚ್ಚು ಬಿಡಿ. ಇಷ್ಟೆಲ್ಲ ಬಲ್ಲವನಂತೆ ಬರೆಯುತ್ತಿರುವ ನಾನೇ ಆ ಹುಚ್ಚಿನಲ್ಲಿ ಬಿದ್ದವನು.

ಈ ವಾರ ನೀರು ಹಾಯಿಸುವ ದಿನ ಡ್ರಮ್ಮಿನ ಬಾಯಿಗೆ ಪೈಪು ಹಿಡಿಯಿರಿ. ಸೆಕೆಂಡು ಎಣಿಸಿ, ಎತ್ತರ ಅಳೆಯಿರಿ, ಎಣ್ಣೆ ಅಳೆಯಿರಿ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗಳೋ ಮಗನೋ ಇದ್ದರೆ ಗುಣಾಕಾರ ಭಾಗಾಕಾರ ಅವರಿಂದಲೇ ಮಾಡಿಸಿ. ಬಂದ ಅಂಕಿಯನ್ನು ಒಂದು ಕಾರ್ಡಿನಲ್ಲಿ ಬರೆದು ಈ ಪತ್ರಿಕೆಗೆ ಕಳಿಸಿ. ಊರೂರಿನ ಅಂಕಿ ಒಂದು ಕಡೆ ಸೇರಲಿ. ಮುಂದಿನ ಸಲ ಬೆಲೆಯ ಮಾತಿಗೆ ಅವರ ಎದುರು ಕೂತಾಗ ನಾವು ಬರಿಗೈಯಲ್ಲಿ ಕೂರುವುದು ಬೇಡ.