ಬೆಕ್ಕಿನ ಕಿವ್ಯಾಗ ನಿಮ್ಮ ಎಣ್ಣಿ ಬ್ಯಾಡ್ರಿ

ನಮ್ಮ ಧಾರವಾಡದಾಗ ಎರಡು ಪುಕ್ಕಟೆ ಸಿಗತಾವ. ಶ್ರಾವಣದಾಗ ಜಿಟಿಜಿಟಿ ಮಳಿ, ವರ್ಷಪೂರ್ತಿ ಸಲಹೆ.

ಹೋದ ಶ್ರಾವಣದಲ್ಲಿ ನಮ್ಮ ಬೆಕ್ಕು ಚಿಂಗಿ ತಲೆ ಕೊಡವುತ್ತ, ಹಿಂಗಾಲಿನಿಂದ ಎಡಗಿವಿ ಕೆರೆದುಕೊಳ್ಳುತ್ತ ಕೂತಾಗ ಮಾಳಮಡ್ಡಿಯ ನಮ್ಮ ಓಣಿಗೆ ಓಣಿಯೇ ಡಾಕ್ಟರಾಯಿತು. "ಬಳ್ಳೊಳ್ಳಿ ಹಾಕಿ ಎಣ್ಣಿ ಕಾಸಿ ಎರಡು ಹನಿ ಬಿಡ್ರಿ" ಅಂದರು ಎದುರುಮನೆ ಕಾಕು. "ನಮ್ಮ ಹುಡುಗನ ಕಿವಿ ಡ್ರಾಪ್ಸ್ ಉಳದಾವ, ಒಯ್ಯಿರಿ" ಅಂದರು ಬಾಜೂಮನೆ ಅಕ್ಕಾರು. "ನೋವಿದ್ರ ಅರ್ಧಾ ಪ್ಯಾರಾಸಿಟಮಾಲ್ ಕೊಡ್ರಿ" ಅಂತ ಮತ್ತೊಬ್ಬರು. "ಬೆಕ್ಕಿಗ್ಯಾಕ ಡಾಕ್ಟರು? ತಾನ ನೆಕ್ಕೊಂಡು ಆರಾಮ ಆಗತದ" ಅಂದವರು ನಮ್ಮ ಮಾವನವರು. ತನ್ನ ಕಿವಿಯೊಳಗ ನಾಲಿಗಿ ಮುಟ್ಟಿಸೋ ಬೆಕ್ಕನ್ನ ನಾನಂತೂ ಇನ್ನೂ ನೋಡಿಲ್ಲ.

ಎಲ್ಲರದೂ ಒಳ್ಳೆಯ ಮನಸ್ಸೇ. ನನ್ನ ತಕರಾರು ಇರೋದೂ ಅದರ ಮೇಲೆನೇ. ಒಳ್ಳೆ ಮನಸ್ಸು ಔಷಧ ಅಲ್ಲ.

ಬೆಕ್ಕು ಅಂದರೆ ಸಣ್ಣ ಮನುಷ್ಯ ಅಲ್ಲರೀ. ಪ್ಯಾರಾಸಿಟಮಾಲ್ ಅನ್ನು ನಮ್ಮ ಯಕೃತ್ತು ಕರಗಿಸಿ ಹೊರಗೆ ಹಾಕುತ್ತದೆ. ಆ ಕೆಲಸ ಮಾಡುವ ಕಿಣ್ವ ಬೆಕ್ಕಿನಲ್ಲಿ ತೀರ ಕಡಿಮೆ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ. 500 ಮಿಲಿಗ್ರಾಂನ ಒಂದೇ ಗುಳಿಗೆ ಬೆಕ್ಕಿನ ಜೀವ ತೆಗೆಯಬಲ್ಲದು. ಇನ್ನು ಆ ಉಳಿದ ಡ್ರಾಪ್ಸ್: ಕಿವಿತಮಟೆ ಹರಿದಿದ್ದರೆ ಜೆಂಟಾಮೈಸಿನ್, ನಿಯೋಮೈಸಿನ್‌ನಂಥ ಔಷಧ ಒಳಗಿವಿಗೆ ಇಳಿದು ಕಿವುಡು ಮಾಡಬಹುದು, ಸಮತೋಲ ಕೆಡಿಸಬಹುದು. ತಮಟೆ ಹರಿದಿದೆಯೋ ಇಲ್ಲವೋ ನೋಡೋದು ಯಾರು? ಕಾಕು ಏನು?

ಇದನ್ನೆಲ್ಲ ದೊಡ್ಡಸ್ತಿಕೆಗೆ ಹೇಳ್ತಿಲ್ಲ. ಮೊದಲ ದಿನ ಎಣ್ಣಿ ಕಾಸಿ ಬಿಟ್ಟವ ನಾನೇ. ಚಿಂಗಿ ಎರಡು ದಿನ ಮಂಚದ ಕೆಳಗಿಂದ ಹೊರಗೆ ಬರಲಿಲ್ಲ. ಮೂರನೇ ದಿನ ಡಾಕ್ಟರು ಮಂಪರು ಮದ್ದು ಕೊಟ್ಟು ಮೊದಲು ನನ್ನ ಎಣ್ಣಿ ತೆಗೆದರು, ಆಮೇಲೆ ರೋಗ ನೋಡಿದರು. ಕಾಫಿಪುಡಿಯಂಥ ಕರಿ ಕಸ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಕಿವಿನುಸಿ ಓಡಾಡುತ್ತಿದ್ದವು, ಅದರ ಮೇಲೆ ಕೀವು. ಪುಣ್ಯಕ್ಕೆ ತಮಟೆ ಗಟ್ಟಿ ಇತ್ತು.

ಖರೇ ಪರೀಕ್ಷೆ ಆಮೇಲೆ. ದಿನಕ್ಕೆ ಎರಡು ಸಲ ಹಳೇ ಟವೆಲ್‌ನಲ್ಲಿ ಸುತ್ತಬೇಕು, ಹನಿ ಬಿಟ್ಟು ಕಿವಿಯ ಬುಡ ಮೆಲ್ಲಗೆ ತಿಕ್ಕಬೇಕು, ಅದು ಕೊಡವಿದಾಗ ಮುಖದ ಮೇಲೆ ಬಿದ್ದದ್ದು ಒರೆಸಿಕೊಳ್ಳಬೇಕು. ಹೊರಗೆ ಬಂದ ಹೊಲಸನ್ನ ಮಾತ್ರ ಹತ್ತಿಯಿಂದ ತೆಗೆಯಬೇಕು. ಬೆಕ್ಕಿನ ಕಿವಿ ಕೆಳಗಿಳಿದು ಒಳಕ್ಕೆ ತಿರುಗುತ್ತದೆ, ಕಡ್ಡಿ ಹಾಕಿದರೆ ಹೊಲಸು ಇನ್ನೂ ಆಳಕ್ಕೆ ಹೋಗುತ್ತದೆ. ನುಸಿ ಅಂಟುವುದರಿಂದ ಮನೆಯ ಇನ್ನೊಂದು ಬೆಕ್ಕಿಗೂ ಔಷಧ. ಎಂಟನೇ ದಿನಕ್ಕೆ ಕಿವಿ ಚೊಕ್ಕ ಕಂಡಿತು. "ಸಾಕು ಬಿಡಪಾ, ಅದಕ್ಯಾಕ ತ್ರಾಸ ಕೊಡ್ತಿ" ಅಂದರು ಮನೆಯವರೆಲ್ಲ. ಕೈಮೇಲೆ ಪರಚಿದ ಗೆರೆ ಎಣಿಸುತ್ತಿದ್ದ ನನಗೂ ಹೌದೆನ್ನಿಸಿತು. ಆದರೆ ನುಸಿ ತತ್ತಿಯಿಂದ ಬಲಿಯಲು ಸುಮಾರು 3 ವಾರ ಬೇಕು. ಎಂಟಕ್ಕೆ ಬಿಟ್ಟರೆ ತತ್ತಿ ಒಡೆದು ಮತ್ತೆ ಮೊದಲಿಂದ ಶುರು. 21 ದಿನ ಬಿಡಲಿಲ್ಲ.

"ಮನಷ್ಯಾರಿಗೇ ಔಷಧಕ್ಕ ರೊಕ್ಕಿಲ್ಲ, ಬೆಕ್ಕಿಗೆ ಇಷ್ಟ್ಯಾಕ?" ಅನ್ನೋ ಮಾತಿಗೆ ಉತ್ತರ ಕೊಡಲೇಬೇಕು. ರೊಕ್ಕದ ಅಡಚಣಿ ಸುಳ್ಳಲ್ಲ. ಆದರೆ ಸರಕಾರಿ ಪಶು ಆಸ್ಪತ್ರೆ ಬರೇ ಎಮ್ಮಿ-ಆಕಳಿಗೆ ಅಂತ ತಿಳಕೊಂಡು ಬಾಗಿಲಿಗೂ ಹೋಗದವರೇ ಬಹಳ. ಬೆಕ್ಕು ಇಲಿ ಹಿಡಿಯಬೇಕು, ಮಕ್ಕಳನ್ನ ಆಡಿಸಬೇಕು, ಮೊಬೈಲಿನಾಗ ಚಂದ ಕಾಣಬೇಕು. ಕಿವಿ ಸೋರಿದ ದಿನ ಮಾತ್ರ ಅದು "ಬರೇ ಬೆಕ್ಕು". ಸಾಕಿದ ಪ್ರಾಣಿಗೆ ವಿನಾಕಾರಣ ನೋವಾಗದಂತೆ ನೋಡಿಕೊಳ್ಳುವುದು ಸಾಕಿದವರ ಕರ್ತವ್ಯ ಅಂತ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 3ನೇ ಕಲಮೇ ಹೇಳುತ್ತದೆ. ಕಾಯ್ದೆ ಬಿಡ್ರಿ, ಹಾಲು ಹಾಕಿ ಕರೆದವರು ನಾವೇ ಅಲ್ಲೇನು?

ಈಗ ಡಬ್ಬಿ ಸಪ್ಪಳಕ್ಕೆ ಚಿಂಗಿ ಎರಡೂ ಕಿವಿ ತಿರುಗಿಸುತ್ತದೆ. ನಾನು ಎಣ್ಣಿ ಬಟ್ಟಲ ಹಿಡಿದರೆ ಮಾತ್ರ ಇನ್ನೂ ಮಂಚದ ಕೆಳಗೆ ಓಡುತ್ತದೆ. ಅದರ ನೆನಪು ನನಗಿಂತ ಚಲೋ.

ನಿಮ್ಮ ಓಣಿಯಾಗ ಬೆಕ್ಕೊಂದು ತಲಿ ಕೊಡವಿದರ ಎಣ್ಣಿ ಕಾಸಬ್ಯಾಡ್ರಿ. ಆಟೋ ಕರೀರಿ.