ಪಂಡೋರಾಕ್ಕೆ ಗಡಿಪಾರು

ನಮ್ಮ ಅಣ್ಣನ ಮಗ ಪಾಲಿಟೆಕ್ನಿಕ್ ಓದುತ್ತಾನೆ. ದಸರಾ ರಜೆಗೆ ಬಂದಾಗ ಹಗಲೂ ರಾತ್ರಿ ‘ಬಾರ್ಡರ್‌ಲ್ಯಾಂಡ್ಸ್’ ಆಡುತ್ತಿದ್ದ. 2009ರಲ್ಲಿ ಬಂದ ಗೇಮ್ ಅದು, ಅಮೆರಿಕದ ಗೇರ್‌ಬಾಕ್ಸ್ ಕಂಪನಿಯದು. ಆಡುವವರು ಒಂದು ಪಾತ್ರ ಆರಿಸಿಕೊಂಡು, ಅದರ ಕಸುವನ್ನು ಹಂತಹಂತವಾಗಿ ಬೆಳೆಸುತ್ತ, ಪಂಡೋರಾ ಎಂಬ ದೂರದ ಗ್ರಹದಲ್ಲಿ ನಿಧಿ ಹುಡುಕಬೇಕು. ದಾರಿಯುದ್ದಕ್ಕೂ ಮುಖವಾಡ ತೊಟ್ಟ ಡಕಾಯಿತರು ಕೊಡಲಿ ಬೀಸುತ್ತ ಮೈಮೇಲೆ ಬರುತ್ತಾರೆ. ಹೊಡೆದರೆ ದುಡ್ಡು, ಬಂದೂಕು ಉದುರುತ್ತವೆ.

‘ಇವರೆಲ್ಲ ಯಾರಪ್ಪ?’ ಎಂದು ಕೇಳಿದೆವು.

‘ಕೈದಿಗಳು ಕಾಕಾ. ಕಂಪನಿಯವ್ರು ಗಣಿ ಕೆಲಸಕ್ಕ ತಂದಿದ್ರು. ವಾಪಸ್ ಹೋಗುವಾಗ ಗೇಟ್ ತೆಗದು ಬಿಟ್ಟು ಹೋದ್ರು’ ಎಂದವನು ಪರದೆಯಿಂದ ಕಣ್ಣು ಕೀಳದೆ ಇನ್ನಿಬ್ಬರನ್ನು ಉರುಳಿಸಿದ.

ಕಥೆ ನಿಜಕ್ಕೂ ಹಾಗೇ ಇದೆ. ಡಾಲ್ ಎಂಬ ಕಂಪನಿ ಪಂಡೋರಾದ ಗಣಿಗಳಿಗೆ ಶಿಕ್ಷೆಗೊಳಗಾದವರನ್ನು ಕೂಲಿಗಳಾಗಿ ತರುತ್ತದೆ. ಗ್ರಹ ಬಿಡುವಾಗ ಅವರನ್ನು ಅಲ್ಲೇ ಬಿಟ್ಟು ಗಂಟುಮೂಟೆ ಕಟ್ಟುತ್ತದೆ. ನಾಯಕ ಬಂದಿಳಿಯುವ ಹೊತ್ತಿಗೆ ಉಳಿದಿರುವುದು ಮುಖವಾಡ ಮತ್ತು ಕೊಡಲಿ ಮಾತ್ರ. ಆ ಕೈದಿಗಳಲ್ಲಿ ಹೆಚ್ಚಿನವರಿಗೆ ಹೆಸರಿಲ್ಲ, ಊರಿಲ್ಲ, ಏನು ತಪ್ಪು ಮಾಡಿದ್ದರು ಎಂಬ ಲೆಕ್ಕವೂ ಇಲ್ಲ. ಗುಂಡು ಹಾರಿಸುವ ಆಟ ಮಕ್ಕಳನ್ನು ಕೆಡಿಸುತ್ತದೆ ಎಂಬ ಹಳೇ ರಾಗ ಹಾಡಲು ನಾವು ಕೂತಿಲ್ಲ. ನಮಗೆ ಕಾಡಿದ್ದು ಬೇರೆ: ಇಷ್ಟು ದೊಡ್ಡ ಅನ್ಯಾಯ ಹಿನ್ನೆಲೆಯ ಒಂದು ಸಾಲಾಗಿ ಹೇಗೆ ಸರಿದುಹೋಯಿತು?

ಆಟ ಕಟ್ಟಿದವರು ಇದನ್ನು ಗಾಳಿಯಿಂದ ತಂದಿಲ್ಲ. ಅಮೆರಿಕದ ವಸಾಹತುಗಳು ಕೈತಪ್ಪಿದ ಮೇಲೆ ಬ್ರಿಟನ್ ತನ್ನ ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಿತು. ಮೊದಲ 11 ಹಡಗುಗಳು 1788ರಲ್ಲಿ ಮುಟ್ಟಿದವು. 1868ರ ಹೊತ್ತಿಗೆ ಸುಮಾರು 1,62,000 ಜನ ಹೋಗಿದ್ದರು, ಹೆಚ್ಚಿನವರು ಕಳ್ಳತನದ ಮೇಲೆ ಸಿಕ್ಕಿಬಿದ್ದವರು. ಇದು ಎಲ್ಲರಿಗೂ ಗೊತ್ತಿರುವ ಕಥೆ. ನಮ್ಮವರನ್ನು ಸಾಗಿಸಿದ ಕಥೆ ಅಷ್ಟಾಗಿ ಗೊತ್ತಿಲ್ಲ. ಸಿಂಗಪುರದ ಸೇಂಟ್ ಆಂಡ್ರ್ಯೂಸ್ ಕ್ಯಾಥೆಡ್ರಲ್ ಕಟ್ಟಿದ್ದು ಭಾರತದ ಕೈದಿಗಳ ದುಡಿಮೆಯಿಂದ. ಪ್ರವಾಸಕ್ಕೆ ಹೋಗುವ ನಮ್ಮವರು ಅದರ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ.

ಇನ್ನು ಅಂಡಮಾನ್. ಕರಿನೀರಿನ ಶಿಕ್ಷೆ ಎಂದೊಡನೆ ನಮಗೆ ಸೆಲ್ಯುಲರ್ ಜೈಲು ನೆನಪಾಗುತ್ತದೆ. ಅದು ಪೂರ್ತಿಯಾದದ್ದು 1906ರಲ್ಲಿ. ಅದಕ್ಕೂ ಅರ್ಧ ಶತಮಾನ ಮೊದಲು, 1858ರ ಮಾರ್ಚ್‌ನಲ್ಲಿ, ದಂಗೆಯಲ್ಲಿ ಸೆರೆಸಿಕ್ಕ 200 ಜನರನ್ನು ಡಾ. ವಾಕರ್ ಎಂಬ ಅಧಿಕಾರಿ ಅಲ್ಲಿ ಇಳಿಸಿದ. ಕಾಡು ಕಡಿಯುವ ಕೆಲಸ. ಓಡಿಹೋಗಿ ಸಿಕ್ಕಿಬಿದ್ದ 80ಕ್ಕೂ ಹೆಚ್ಚು ಮಂದಿಯನ್ನು ಅವನು ನೇಣಿಗೆ ಹಾಕಿಸಿದ. ಓಡಿದವರಲ್ಲಿ ದೂಧನಾಥ್ ತಿವಾರಿ ಎಂಬ ಸಿಪಾಯಿಯೂ ಇದ್ದ. ದ್ವೀಪದ ಮೂಲನಿವಾಸಿಗಳು ಅವನನ್ನು ಉಳಿಸಿಕೊಂಡರು. ವರ್ಷಕ್ಕೂ ಹೆಚ್ಚು ಕಾಲ ಅವರ ಜತೆ ಬದುಕಿದ. 1859ರ ಮೇ ತಿಂಗಳಲ್ಲಿ ಅವರು ವಸಾಹತಿನ ಮೇಲೆ ದಾಳಿಗೆ ಹೊರಟಾಗ ಇವನೇ ಓಡಿಬಂದು ಬ್ರಿಟಿಷರಿಗೆ ಸುಳಿವು ಕೊಟ್ಟ. ಬಿಲ್ಲುಬಾಣದವರು ಸೋತರು, ಇವನಿಗೆ ಕ್ಷಮೆ ಸಿಕ್ಕಿತು. ಅನ್ನ ಹಾಕಿದವರಿಗೇ ಬಗೆದ ದ್ರೋಹ ಎನ್ನಬಹುದು. ಮನೆಗೆ ಮರಳಲು ಅವನಿಗೆ ಬೇರೆ ದಾರಿ ಯಾವುದಿತ್ತು ಎಂದೂ ಕೇಳಬಹುದು. ನಾವು ಇನ್ನೂ ತೀರ್ಮಾನಿಸಿಲ್ಲ.

ಆಗ ಸಾವಿರಗಟ್ಟಲೆ ಇದ್ದ ಗ್ರೇಟ್ ಅಂಡಮಾನೀಸ್ ಜನ, ಹೊರಗಿನಿಂದ ಬಂದ ರೋಗಗಳಿಗೆ ಸಿಕ್ಕಿ, ಇಂದು ಕೆಲವು ಹತ್ತುಗಳಿಗೆ ಇಳಿದಿದ್ದಾರೆ. ಇತ್ತ ಕೈದಿಗಳಲ್ಲಿ ಕೆಲವರಿಗೆ ವರ್ಷಗಳು ಕಳೆದ ಮೇಲೆ ತುಂಡು ಭೂಮಿ ಸಿಕ್ಕಿತು, ಮದುವೆಯಾಗುವ ಅನುಮತಿ ಸಿಕ್ಕಿತು. ಅವರ ಮೊಮ್ಮಕ್ಕಳು ಮರಿಮಕ್ಕಳು ಈಗಲೂ ‘ಲೋಕಲ್ ಬಾರ್ನ್’ ಎನಿಸಿಕೊಂಡು ಅಲ್ಲೇ ಇದ್ದಾರೆ. ಪಂಡೋರಾದಲ್ಲಿ ಮೊಮ್ಮಕ್ಕಳ ಸುಳಿವಿಲ್ಲ. ಅಲ್ಲಿ ಕೈದಿ ಎಂದರೆ ಕೊನೆತನಕ ಕೊಡಲಿ ಬೀಸುವವನೇ.

ಈ ಮಾತನ್ನು ಜಿಲ್ಲಾ ವರದಿಗಾರರು ಯಾಕೆ ಎತ್ತಬೇಕು? ಯಾಕೆಂದರೆ ನಾವಿರುವುದು ರಾಯಚೂರಿನಲ್ಲಿ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 55ನೇ ಕಲಮಿನಡಿ ಬೇರೆ ಕಡೆಯಿಂದ ಗಡಿಪಾರಾದವರನ್ನು ಕಳಿಸುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗಿರಲೇಬೇಕು ಎಂದೂ ಇಲ್ಲ. ಸಾಕ್ಷಿಗಳು ಹೆದರಿ ಬಾಯಿ ಬಿಡದ ಊರುಗಳಲ್ಲಿ ಇಂಥದೊಂದು ಕಲಮು ಬೇಕು ಎಂಬ ವಾದ ನಮಗೂ ಅರ್ಥವಾಗುತ್ತದೆ. ಅವನ ಊರಿನವರು ನಾಲ್ಕು ದಿನ ನೆಮ್ಮದಿಯಾಗಿ ಮಲಗಲಿ. ಆದರೆ ಅವನು ಬಂದಿಳಿಯುವ ಊರಲ್ಲೂ ಜನ ಮಲಗುತ್ತಾರಲ್ಲ?

ಅಧಿಕಾರಿಗಳ ವಿಷಯದಲ್ಲೂ ಇದೇ ಮಾತು. ತಪ್ಪು ಮಾಡಿದವರನ್ನು ‘ಬೀದರ್‌ಗೆ ಎತ್ತಂಗಡಿ’ ಮಾಡಿದರೆಂದು ದೊಡ್ಡಕ್ಷರದಲ್ಲಿ ಬರೆದು ಖುಷಿಪಟ್ಟವರು ನಾವೇ. ಒಂದೂರಿಗೆ ಬೇಡವಾದ ಮೇಷ್ಟ್ರು, ಡಾಕ್ಟರು ಇನ್ನೊಂದೂರಿಗೆ ಹೇಗೆ ಬೇಕಾಗುತ್ತಾರೆ? ನಮ್ಮ ಭಾಗದ ಮಗು ಅವರ ಹತ್ತಿರವೇ ಮಗ್ಗಿ ಕಲಿಯಬೇಕು.

ಗಡಿಪಾರಿನ ಸುದ್ದಿ ಕಳಿಸಿದ ಜಿಲ್ಲೆಯ ಆವೃತ್ತಿಯಲ್ಲಿ ಆರು ಸಾಲು ಬರುತ್ತದೆ. ಠಾಣೆಯ ಪ್ರಕಟಣೆಯಲ್ಲಿ ಇದ್ದದ್ದು ಇದ್ದ ಹಾಗೆ. ಬಂದಿಳಿದ ಜಿಲ್ಲೆಯ ಆವೃತ್ತಿಯಲ್ಲಿ ಅಷ್ಟೂ ಇರುವುದಿಲ್ಲ. ಎಲ್ಲ ಬಿಟ್ಟು ಈ ಜಿಲ್ಲೆಯನ್ನೇ ಯಾಕೆ ಆರಿಸಿದರು, ಇಲ್ಲಿಯವರನ್ನು ಯಾರಾದರೂ ಕೇಳಿದರೇ, ಬಂದವನು ಹೊಟ್ಟೆಗೆ ಏನು ಮಾಡುತ್ತಾನೆ — ಈ ಮೂರು ಪ್ರಶ್ನೆಗಳನ್ನು ಕೇಳಿದ ಒಂದು ವರದಿಯೂ ನಮ್ಮ ಹಳೆಯ ಕಡತದಲ್ಲಿ ಸಿಗಲಿಲ್ಲ. ನಾವು ಬರೆದದ್ದರಲ್ಲೇ ಹುಡುಕಿದೆವು.

ಹೋದ ತಿಂಗಳು ಅಂಥ ಒಬ್ಬನನ್ನು ಹುಡುಕಿಕೊಂಡು ಹೋದೆವು. ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಕೇಳಿ ಎರಡು ದಿನ ಸುತ್ತಿದ್ದಾನೆ. ಯಾವೂರು ಎಂದು ಕೇಳಿದವರಿಗೆ ಸುಳ್ಳು ಹೇಳಿದ್ದಾನೆ. ಠಾಣೆಗೆ ಹೋಗಿ ಸಹಿ ಹಾಕಿ ಬರುತ್ತಾನೆ. ಅವನು ಒಳ್ಳೆಯವನೇನಲ್ಲ, ಹೊಡೆದಾಟದ ಕೇಸುಗಳ ಬಗ್ಗೆ ಮಾತಾಡುವಾಗ ನಕ್ಕ. ಪಕ್ಕದ ಚಹಾದ ಅಂಗಡಿಯ ಅಮ್ಮನಿಗೆ ಅವನು ಯಾರೆಂಬುದು ಗೊತ್ತಿರಲಿಲ್ಲ. ಹೇಳಬೇಕೋ ಬೇಡವೋ ಎಂದು ನಾವು ಬಹಳ ಹೊತ್ತು ಯೋಚಿಸಿ, ಹೇಳದೆ ಬಂದೆವು.

ಇಬ್ಬರ ಮಾತನ್ನೂ ಸೇರಿಸಿ ಸುದ್ದಿ ಬರೆದು ಕಳಿಸಿದೆವು. ‘ಇದು ಅವರ ಜಿಲ್ಲೆಯ ಸುದ್ದಿ, ನಮ್ಮ ಪುಟಕ್ಕೆ ಬರಲ್ಲ’ ಎಂದು ಡೆಸ್ಕಿನಿಂದ ಉತ್ತರ ಬಂತು. ಅವರ ಜಿಲ್ಲೆಯ ಪುಟದವರನ್ನು ಕೇಳಿದರೆ, ‘ಅವನು ಈಗ ನಿಮ್ಮಲ್ಲಿದ್ದಾನಲ್ಲ ಸರ್’ ಎಂದರು.