ಮೂರು ಅಕ್ಷರದ ಆಸೆ

ಮೊನ್ನೆ ಸಂಜೆ ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಪರಿಚಿತ ವರ್ತಕರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಅವರ ಮಗ ನನ್ನ ವಿದ್ಯಾರ್ಥಿ. ಹಳಗನ್ನಡಕ್ಕಿಂತ ಬ್ಯಾಟಿನ ಮೇಲೆ ಅವನಿಗೆ ಪ್ರೀತಿ ಹೆಚ್ಚು.

“ಸರ, ಈ ಆಟದಿಂದ ಹೊಟ್ಟಿ ತುಂಬತದೇನ್ರಿ? ನೀವಾದ್ರೂ ಅವಂಗ ಬುದ್ಧಿ ಹೇಳ್ರಿ” ಎಂದರು.

ಮಗನಿಗೆ ಬುದ್ಧಿ ಹೇಳುವುದಿರಲಿ, ತಂದೆಗೆ ಇನ್ನೊಬ್ಬ ತಂದೆಯ ಕಥೆ ಹೇಳಿದೆ.

ಅರ್ನೆಸ್ಟ್ ಕೌಡ್ರಿ ಎಂಬ ಆಂಗ್ಲರಿಗೆ ಕ್ರಿಕೆಟ್ಟೆಂದರೆ ಪ್ರಾಣ. 1926-27ರಲ್ಲಿ ಮದರಾಸಿನಲ್ಲಿ ಯುರೋಪಿಯನ್ನರ ತಂಡದಲ್ಲಿ ಅವರು ಆಡಿದ್ದುಂಟು. ಆದರೆ ಹವ್ಯಾಸಿಗೆ ಆಟ ಸಂಬಳ ಕೊಡುತ್ತಿರಲಿಲ್ಲ; ಅನ್ನ ಕೊಟ್ಟದ್ದು ಚಹದ ತೋಟ. 1932ರ ಡಿಸೆಂಬರ್ 24ರಂದು ಉದಕಮಂಡಲದಲ್ಲಿ ಅವರಿಗೆ ಮಗ ಹುಟ್ಟಿದ. ಹುಟ್ಟಿದೂರು ಬೆಂಗಳೂರೆಂದೇ ಬಹುಕಾಲ ಪುಸ್ತಕಗಳಲ್ಲಿ ಅಚ್ಚಾಗುತ್ತಿತ್ತು. ಮಗುವಿಗೆ ಮೈಕೇಲ್ ಕಾಲಿನ್ ಕೌಡ್ರಿ ಎಂದು ಹೆಸರಿಟ್ಟರು. ಮೊದಲಕ್ಷರಗಳನ್ನು ಕೂಡಿಸಿದರೆ ಎಂ.ಸಿ.ಸಿ. — ಲಾರ್ಡ್ಸ್ ಮೈದಾನದ ಒಡೆತನವುಳ್ಳ ಕ್ಲಬ್ಬಿನ ಹೆಸರೇ! ತನಗೆ ದಕ್ಕದ ಆಸೆಯನ್ನು ತಂದೆ ಮಗನ ತೊಟ್ಟಿಲಿಗೆ ಕಟ್ಟಿದ್ದರು.

ಮಗು ನಡೆಯತೊಡಗಿದೊಡನೆ ಕೈಗೆ ಬ್ಯಾಟು ಬಂತು. ತೋಟದ ಆಳುಗಳೇ ಚೆಂಡು ಹೆಕ್ಕುವವರಾದರು. ಐದರ ಪ್ರಾಯದಲ್ಲಿ ಓದಿಗಾಗಿ ಅವನನ್ನು ಇಂಗ್ಲೆಂಡಿನಲ್ಲಿ ಬಿಟ್ಟು ತಾಯಿತಂದೆಗಳು ಮರಳಿದರು. ಅಷ್ಟರಲ್ಲಿ ಮಹಾಯುದ್ಧ ಅಡ್ಡಬಂತು. ವರ್ಷಗಟ್ಟಲೆ ಒಬ್ಬರ ಮುಖವನ್ನೊಬ್ಬರು ಕಾಣಲಿಲ್ಲ.

1954ರಲ್ಲಿ ಮಗ ಇಂಗ್ಲೆಂಡ್ ತಂಡದೊಡನೆ ಆಸ್ಟ್ರೇಲಿಯಕ್ಕೆ ಹಡಗೇರಿದ. ಮೊದಲ ಟೆಸ್ಟ್ ಆಡುವ ಮುನ್ನವೇ ತಂದೆ ತೀರಿಕೊಂಡ ಸುದ್ದಿ ಬಂತು. ಕೆಲವೇ ವಾರಗಳಲ್ಲಿ, ಮೆಲ್ಬರ್ನಿನಲ್ಲಿ ತಂಡ ಗಳಿಸಿದ 191 ಓಟಗಳಲ್ಲಿ 102 ಆ ತರುಣನವು. ಯಾರು ನೋಡಬೇಕಿತ್ತೋ ಅವರೇ ಇರಲಿಲ್ಲ.

ಮುಂದಿನದು ಲೋಕವರಿತದ್ದು. 1962ರ ಕೊನೆಗೆ ಇಂಗ್ಲೆಂಡಿನಲ್ಲಿ ಹವ್ಯಾಸಿ-ವೃತ್ತಿಪರರೆಂಬ ಪಂಕ್ತಿಭೇದ ಅಳಿಯಿತು. ನೂರು ಟೆಸ್ಟ್ ಆಡಿದವರಲ್ಲಿ ಕಾಲಿನ್ ಕೌಡ್ರಿಯೇ ಮೊದಲಿಗರು. 1968ರ ಆ ನೂರನೆಯ ಪಂದ್ಯದಲ್ಲಿಯೂ ಶತಕ ಬಾರಿಸಿದರು. ಒಟ್ಟು 114 ಟೆಸ್ಟುಗಳು, 7,624 ಓಟಗಳು. 2000ದಲ್ಲಿ ತೀರಿಕೊಂಡಾಗ ಅವರು ಲಾರ್ಡ್ ಕೌಡ್ರಿ.

ವರ್ತಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಂಗಾದ್ರ ಅವರಪ್ಪ ಒಂದ್ ಟೆಸ್ಟೂ ನೋಡಲಿಲ್ಲೇನ್ರಿ?”

“ಇಲ್ಲ.”

ಹೊಟ್ಟೆಯ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ನನ್ನಲ್ಲಿ ಉತ್ತರವಿರಲೂ ಇಲ್ಲ. ಆದರೆ ಕಳೆದ ಭಾನುವಾರ ಹುಡುಗರು ಆಡುತ್ತಿದ್ದಾಗ ಬಯಲಿನ ಬೇವಿನ ಮರದಡಿ ಒಬ್ಬರು ನಿಂತಿದ್ದರು. ಅಂಗಡಿಯ ಲೆಕ್ಕದ ಪುಸ್ತಕ ಇನ್ನೂ ಕಂಕುಳಲ್ಲಿತ್ತು.